ಸೋತ ಮರುದಿನದ ಲೆಕ್ಕ: ತುಮಕೂರಿನ ಒಂದು ಬ್ಯಾಸ್ಕೆಟ್‌ಬಾಲ್ ತರಬೇತಿ ಕೇಂದ್ರದ ವಿಮರ್ಶೆ

ನನ್ನ ಮಗಳು ತುಮಕೂರಿನ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ಮೊದಲ ವರ್ಷ ಓದುತ್ತಿದ್ದಾಳೆ. ಅವಳ ಕಾಲೇಜಿನವರು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ನಗರದ ಖಾಸಗಿ ತರಬೇತಿ ಕೇಂದ್ರವೊಂದಕ್ಕೆ ಒಪ್ಪಿಸಿದ್ದಾರೆ. ದಿನವೂ ಸಂಜೆ ಅಭ್ಯಾಸ ಮಾಡಿಸುವವರೂ, ಪಂದ್ಯದ ದಿನ ಬೆಂಚಿನಲ್ಲಿ ಕುಳಿತು ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ತೀರ್ಮಾನಿಸುವವರೂ ಆ ಕೇಂದ್ರದ ಕೋಚ್ ಅವರೇ. ಎಂಟು ತಿಂಗಳು ಶುಲ್ಕ ಕಟ್ಟಿ, ವಾರಕ್ಕೆ ಎರಡು ಮೂರು ಸಂಜೆಯಾದರೂ ಮೈದಾನದ ಮೆಟ್ಟಿಲ ಮೇಲೆ ಕುಳಿತು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆಡುವ ಹುಡುಗಿಯರ ಮಾತು ಬರುವುದರಿಂದ ಕೇಂದ್ರದ ಹೆಸರನ್ನಾಗಲಿ ಕಾಲೇಜಿನ ಹೆಸರನ್ನಾಗಲಿ ಹೇಳುವುದಿಲ್ಲ. ಮಕ್ಕಳನ್ನು ಇಂಥ ಕಡೆ ಸೇರಿಸಬೇಕೆಂದಿರುವ ತಂದೆತಾಯಿಯರು ಸೇರಿಸುವ ಮುನ್ನ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದಷ್ಟೇ ಇಲ್ಲಿ ಮುಖ್ಯ.

ಶುಲ್ಕ ತಿಂಗಳಿಗೆ 1,200 ರೂಪಾಯಿ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ 6,500. ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಅಭ್ಯಾಸ, ಭಾನುವಾರ ಬೆಳಗ್ಗೆ ತಮ್ಮತಮ್ಮಲ್ಲೇ ಪಂದ್ಯ. ಅಂಕಣ ಸಿಮೆಂಟಿನದು, ಮೇಲೆ ಚಾವಣಿಯಿಲ್ಲ. ಮಳೆ ಬಂದ ಮರುದಿನ ಒಂದು ಮೂಲೆಯಲ್ಲಿ ನೀರು ನಿಂತಿರುತ್ತದೆ, ಹುಡುಗಿಯರೇ ಗುಡಿಸಿ ಹಾಕುತ್ತಾರೆ. ರಿಂಗು ನಿಯಮದ ಪ್ರಕಾರ 3.05 ಮೀಟರ್ ಎತ್ತರದಲ್ಲಿದೆ, ಬಾಗಿಲ್ಲ, ಹುಡುಗಿಯರಿಗೆ 6ನೇ ಅಳತೆಯ ಚೆಂಡನ್ನೇ ಕೊಡುತ್ತಾರೆ. ಇದನ್ನು ಎತ್ತಿ ಹೇಳಲು ಕಾರಣವಿದೆ: ಹುಡುಗರ 7ನೇ ಅಳತೆಯ ಚೆಂಡಿನಲ್ಲಿ ಅಭ್ಯಾಸ ಮಾಡಿ ಪಂದ್ಯದ ದಿನ ಚಿಕ್ಕ ಚೆಂಡು ಹಿಡಿಯುವ ತಂಡಗಳನ್ನು ನಾನು ನೋಡಿದ್ದೇನೆ, ಅವರ ಎಸೆತಗಳೆಲ್ಲ ರಿಂಗು ದಾಟಿ ಹೋಗುತ್ತವೆ. ಬಟ್ಟೆ ಬದಲಿಸಲು ಒಂದು ಕೋಣೆಯಿದೆ, ಚಿಲಕ ಸರಿಯಾಗಿದೆ. ಕುಡಿಯುವ ನೀರನ್ನು ಮನೆಯಿಂದಲೇ ತರಬೇಕು.

ಮೊದಲ ದಿನ ಕೋಚ್ ಚೆಂಡನ್ನು ಮುಟ್ಟಿಸಲೇ ಇಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ ಶೂ ಬಿಚ್ಚಿಸಿ, ಸಾಕ್ಸಿನ ಹಿಮ್ಮಡಿಯ ಬಳಿ ಸುಕ್ಕು ಉಳಿಯದಂತೆ ಎಳೆದುಕೊಳ್ಳುವುದನ್ನು, ಲೇಸನ್ನು ಕೆಳಗಿನ ತೂತಿನಿಂದ ಬಿಗಿ ಮಾಡುತ್ತ ಬರುವುದನ್ನು ಹೇಳಿಕೊಟ್ಟರು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ 1964ರಿಂದ 1975ರ ಒಳಗೆ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಜಾನ್ ವುಡನ್ ಅವರು ಹೊಸ ಆಟಗಾರರಿಗೆ ಮೊದಲು ಕಲಿಸುತ್ತಿದ್ದದ್ದು ಸಾಕ್ಸ್ ಹಾಕಿಕೊಳ್ಳುವುದನ್ನೇ. ಕಾಲಿಗೆ ಬೊಬ್ಬೆ ಬಂದವನು ಓಡಲಾರ ಎಂಬ ನೇರ ಕಾರಣಕ್ಕೆ. ನಮ್ಮ ಕೋಚ್ ಅದನ್ನು ಎಲ್ಲಿಂದ ಕಲಿತರೋ ನಾನು ಕೇಳಲಿಲ್ಲ. ಆದರೆ ಈ ಎಂಟು ತಿಂಗಳಲ್ಲಿ ಮಗಳ ಕಾಲಲ್ಲಿ ಒಂದೂ ಬೊಬ್ಬೆ ಎದ್ದಿಲ್ಲ.

ಇಷ್ಟೆಲ್ಲ ಸೌಕರ್ಯದ ಮಾತಾಯಿತು. ತರಬೇತಿ ಕೇಂದ್ರವೊಂದರ ನಿಜವಾದ ಬೆಲೆ ತಿಳಿಯುವುದು ತಂಡ ಸೋತಾಗ ಎಂಬುದು ನನಗೆ ಮನವರಿಕೆಯಾದದ್ದು ಜನವರಿಯಲ್ಲಿ ನಡೆದ ಅಂತರ ಕಾಲೇಜು ಸೆಮಿಫೈನಲ್‌ನಲ್ಲಿ. ಎದುರಾಳಿಗಳು ತಿಪಟೂರು ಕಡೆಯ ಹುಡುಗಿಯರು, ನಮ್ಮವರಿಗಿಂತ ಎತ್ತರ, ಓಟದಲ್ಲಿ ಸ್ವಲ್ಪ ನಿಧಾನ. ಕೊನೆಯ ಕ್ವಾರ್ಟರ್ ಮುಗಿಯಲು 2 ನಿಮಿಷ 10 ಸೆಕೆಂಡು ಇದ್ದಾಗ ನಮ್ಮವರು 41, ಅವರು 38. ನಮ್ಮ ತಂಡದ ಕ್ಯಾಪ್ಟನ್ ಆಗಿರುವ ಹುಡುಗಿಗೆ ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೇ 4 ಫೌಲ್ ಆಗಿದ್ದವು. ಐದನೆಯದಾದರೆ ಆಟದಿಂದ ಹೊರಗೆ. ಆದರೂ ಕೋಚ್ ಅವಳನ್ನು ಕೂರಿಸಿರಲಿಲ್ಲ. ಚೆಂಡನ್ನು ತರುತ್ತಿದ್ದ ಎದುರಾಳಿ ಹುಡುಗಿ ಇನ್ನೂ ಅಂಕಣದ ನಡುಗೆರೆಯ ಹತ್ತಿರವಿದ್ದಳು, ರಿಂಗಿಗೆ ಯಾವ ಅಪಾಯವೂ ಇರಲಿಲ್ಲ. ನಮ್ಮ ಕ್ಯಾಪ್ಟನ್ ಚೆಂಡು ಕಸಿಯಲು ಕೈ ಚಾಚಿದಳು, ಕೈ ಎದುರಾಳಿಯ ಮುಂಗೈಗೆ ತಗುಲಿತು, ಸೀಟಿ ಊದಿತು. ಆ ಕ್ವಾರ್ಟರ್‌ನಲ್ಲಿ ತಂಡದ ಫೌಲುಗಳು ನಾಲ್ಕನ್ನು ದಾಟಿದ್ದರಿಂದ ಅವರಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ರಿಂಗಿಗೆ ಎಸೆಯುವ ಅವಕಾಶ, ಸಿಕ್ಕಿ, ಎರಡೂ ಬಿದ್ದವು. 41–40.

ಕ್ಯಾಪ್ಟನ್ ಬದಲಿಗೆ ಒಳಗೆ ಹೋದವಳು ನನ್ನ ಮಗಳು. ಆ ಪಂದ್ಯದಲ್ಲಿ ಅದುವರೆಗೆ ಅವಳು ಆಡಿದ್ದು ಹೆಚ್ಚೆಂದರೆ ಮೂರು ನಿಮಿಷ. ಎದುರಾಳಿಗಳು ಅಂಕಣದ ಉದ್ದಕ್ಕೂ ಮೇಲೆ ಬಿದ್ದು ಒತ್ತತೊಡಗಿದರು. ಚೆಂಡು ಸಿಕ್ಕಿದ ಕೂಡಲೇ ಇವಳು ಮೂಲೆಯ ಕಡೆಗೆ ಓಡಿದಳು, ಅಲ್ಲಿ ಇಬ್ಬರು ಸುತ್ತುವರಿದರು. ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ಒಂದು ಕ್ಷಣ ನಿಂತದ್ದು ನನಗೆ ಕಾಣಿಸಿತು. ಸೊಂಟ ಹಿಂದಕ್ಕೆ ಬಾಗಿತ್ತು, ಕಣ್ಣು ಮುಚ್ಚಿದಂತಿತ್ತು. ಆಮೇಲೆ ನಡುಭಾಗಕ್ಕೆ ಎಸೆದುಬಿಟ್ಟಳು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ತಿಪಟೂರಿನ ಹುಡುಗಿ ಅದನ್ನು ಹಿಡಿದು ಎರಡು ಹೆಜ್ಜೆ ಹಾಕಿ ಲೇ-ಅಪ್ ಹೊಡೆದಳು, ಅಂದರೆ ರಿಂಗಿನ ಹತ್ತಿರಕ್ಕೇ ಹೋಗಿ ಚೆಂಡು ಹಾಕಿದಳು. ಅಲ್ಲಿಂದ ಮುಂದೆ ನಮ್ಮವರಿಗೆ ಒಂದು ಅಂಕವೂ ಬರಲಿಲ್ಲ. 44–41ಕ್ಕೆ ಸೋತೆವು. ಕೋಚ್ ಕೈಯಲ್ಲಿ ಎರಡು ಟೈಮ್‌ಔಟ್, ಅಂದರೆ ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ತಂಡದೊಂದಿಗೆ ಮಾತಾಡುವ ಅವಕಾಶ, ಇದ್ದವು. ಮೊದಲನೆಯದನ್ನು ಕೇಳಿದ್ದು ಕೊನೆಯ 20 ಸೆಕೆಂಡು ಉಳಿದಿದ್ದಾಗ.

ಮೈದಾನದ ಹೊರಗಿನ ಟೀ ಅಂಗಡಿಯ ಮುಂದೆ ವಾದ ಶುರುವಾಯಿತು. ತುಮಕೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುವವರು ಕ್ರಿಕೆಟ್ಟಿನಷ್ಟು ಜನ ಇಲ್ಲ, ಇರುವವರಿಗೆ ಆಟ ಚೆನ್ನಾಗಿ ಗೊತ್ತು, ಆದ್ದರಿಂದ ವಾದವೂ ಗಟ್ಟಿಯಾಗಿಯೇ ಇರುತ್ತದೆ. “ನಾಕು ಫೌಲ್ ಆದ್ಮೇಲೆ ಆ ಹುಡುಗೀನ ಎತ್ತಿ ಕೂರಿಸ್ಬೇಕಿತ್ತು ಕಣ್ರೀ, ಕೋಚ್‌ಗೆ ಅಷ್ಟೂ ಗೊತ್ತಾಗಲ್ವಾ” ಎಂದರು ಒಬ್ಬರು. “ಕೂರಿಸಿದ್ದಿದ್ರೆ ಅವಾಗ್ಲೇ ಕೈ ಬಿಟ್ಟು ಹೋಗ್ತಿತ್ತು. ಬಾಲ್ ತರೋರು ಇನ್ಯಾರಿದ್ರು ಹೇಳಿ?” ಎಂದು ಹಿಂದಿನ ವರ್ಷದ ತಂಡದ ಹುಡುಗಿಯೊಬ್ಬಳ ಅಣ್ಣ ಎದುರು ನುಡಿದ. ಇನ್ನೊಬ್ಬ ಆಟಗಾರ್ತಿಯ ತಾಯಿ, “ಕ್ಯಾಪ್ಟನ್ ಅಂದ್ಮೇಲೆ ಅವಳಿಗೇ ಗೊತ್ತಿರ್ಬೇಕಲ್ವಾ, ಕೈ ಹಾಕ್ಬಾರ್ದು ಅಂತ? ಎಲ್ಲಾನೂ ಕೋಚೇ ಹೇಳ್ಕೊಡಕ್ಕಾಗುತ್ತಾ?” ಎಂದರು. ಅಷ್ಟರಲ್ಲಿ ನನ್ನನ್ನು ಗುರುತಿಸದ ಒಬ್ಬರು, “ಅದೆಲ್ಲ ಬಿಡಿ, ಕೊನೇಲಿ ಬಂದ್ಲಲ್ಲ, ಆ ಹುಡುಗಿಯಿಂದ್ಲೇ ಮ್ಯಾಚ್ ಹೋಗಿದ್ದು” ಎಂದರು. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನೂ ತೋಚಲಿಲ್ಲ, ಏಕೆಂದರೆ ಅವರ ಮಾತಿನಲ್ಲಿ ನಿಜವಿತ್ತು, ಆದರೆ ಅದು ಪೂರ್ತಿ ನಿಜವಲ್ಲ ಎಂದು ಮಾತ್ರ ಅನ್ನಿಸುತ್ತಿತ್ತು.

ಆ ಗುಂಪಿನಲ್ಲಿ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರಿದ್ದರು. ಅವರು 1993ರ ಅಮೆರಿಕದ ಕಾಲೇಜು ಫೈನಲ್‌ನ ವಿಷಯ ತೆಗೆದರು. ನ್ಯೂ ಓರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಮಿಷಿಗನ್ ತಂಡ ನಾರ್ತ್ ಕೆರೊಲಿನಾದ ಎದುರು 73–71ರಲ್ಲಿ ಹಿಂದಿತ್ತು, ಉಳಿದದ್ದು 11 ಸೆಕೆಂಡು. ಮಿಷಿಗನ್‌ನ ಕ್ರಿಸ್ ವೆಬರ್ ಚೆಂಡು ಹಿಡಿದುಕೊಂಡು ಹೋಗಿ ಮೂಲೆಯಲ್ಲಿ ಸಿಕ್ಕಿಬಿದ್ದು ಟೈಮ್‌ಔಟ್ ಕೇಳಿಬಿಟ್ಟ. ತಂಡದ ಬಳಿ ಒಂದೂ ಉಳಿದಿರಲಿಲ್ಲ. ಇಲ್ಲದ ಟೈಮ್‌ಔಟ್ ಕೇಳಿದ್ದಕ್ಕೆ ಟೆಕ್ನಿಕಲ್ ಫೌಲ್ (ಎದುರಾಳಿಗೆ ಫ್ರೀ ಥ್ರೋ ಕೊಡುವ ದಂಡ) ಆಗಿ ಪಂದ್ಯ 77–71ಕ್ಕೆ ಮುಗಿಯಿತು. ಎಷ್ಟು ಟೈಮ್‌ಔಟ್ ಉಳಿದಿವೆ ಎಂಬುದನ್ನು ಆಟಗಾರನ ತಲೆಗೆ ಹೋಗುವಂತೆ ಹೇಳುವುದು ಕೋಚ್ ಕೆಲಸವೋ, ನೆನಪಿಡುವುದು ಆಟಗಾರನ ಕೆಲಸವೋ ಎಂದು ಅಲ್ಲಿನ ಅಭಿಮಾನಿಗಳು ಇಷ್ಟು ವರ್ಷ ವಾದಿಸಿದ್ದಾರೆ. ಆದರೆ ಆ ಶಿಕ್ಷಕರು ಇನ್ನೊಂದು ಮಾತು ಸೇರಿಸಿದರು, ಅದು ನನ್ನ ಮನಸ್ಸಿನಲ್ಲಿ ನಿಂತಿತು. ಅಮೆರಿಕದ ಕಾಲೇಜು ಆಟದಲ್ಲಿ ಅಂಕಣದೊಳಗಿನ ಆಟಗಾರನೇ ಟೈಮ್‌ಔಟ್ ಕೇಳಬಹುದು. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಅದನ್ನು ಕೇಳುವ ಅಧಿಕಾರ ಇರುವುದು ಕೋಚ್ ಅಥವಾ ಸಹಾಯಕ ಕೋಚ್‌ಗೆ ಮಾತ್ರ. ಮೂಲೆಯಲ್ಲಿ ಸಿಕ್ಕಿಕೊಂಡ ಹುಡುಗಿ ನಮ್ಮಲ್ಲಿ ತಾನಾಗಿ ಆಟ ನಿಲ್ಲಿಸಲಾರಳು. ಅಷ್ಟಲ್ಲದೆ ಆ ಎರಡನೇ ಫ್ರೀ ಥ್ರೋ ಬಿದ್ದ ಗಳಿಗೆಯಲ್ಲಿ ಚೆಂಡು ಮತ್ತೆ ಆಟಕ್ಕೆ ಬರುವ ಮುನ್ನ ಟೈಮ್‌ಔಟ್ ಕೇಳಲು ಅವಕಾಶವಿತ್ತು, ಕ್ಯಾಪ್ಟನ್ ಹೊರಗೆ ಹೋಗಿ ಹೊಸಬಳು ಒಳಗೆ ಬಂದಿದ್ದಳು, ಎದುರಾಳಿಗಳು ಒತ್ತಲು ಸಿದ್ಧರಾಗಿದ್ದದ್ದು ಮೆಟ್ಟಿಲ ಮೇಲಿದ್ದ ನಮಗೇ ಕಾಣುತ್ತಿತ್ತು.

ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಅವಳಿಗೆ ಅದೇ ಸೂಪರ್‌ಡೋಮ್‌ನಲ್ಲಿ 1982ರಲ್ಲಿ ನಡೆದ ಫೈನಲ್‌ನ ಕಥೆ ಹೇಳಿದೆ. ಜಾರ್ಜ್‌ಟೌನ್ ತಂಡ ಒಂದು ಅಂಕದಿಂದ ಹಿಂದಿದ್ದಾಗ ಕೊನೆಯ ಸೆಕೆಂಡುಗಳಲ್ಲಿ ಫ್ರೆಡ್ ಬ್ರೌನ್ ಎಂಬ ಆಟಗಾರ ತನ್ನವನೆಂದು ತಿಳಿದು ಎದುರಾಳಿಯ ಕೈಗೇ ಚೆಂಡು ಕೊಟ್ಟುಬಿಟ್ಟ, 63–62ಕ್ಕೆ ಸೋತರು. ಕೋಚ್ ಜಾನ್ ಥಾಂಪ್ಸನ್ ಎಲ್ಲರೆದುರಿಗೇ ಅವನನ್ನು ತಬ್ಬಿಕೊಂಡರು. ಎರಡು ವರ್ಷಗಳ ಬಳಿಕ, 1984ರಲ್ಲಿ, ಪ್ರಶಸ್ತಿ ಗೆದ್ದ ಜಾರ್ಜ್‌ಟೌನ್ ತಂಡದಲ್ಲಿ ಅದೇ ಬ್ರೌನ್ ಇದ್ದ. ಮಗಳು ಕೇಳಿಸಿಕೊಂಡಳು. “ನಾಳೆ ಸರ್ ಏನಂತಾರೋ ನೋಡೋಣ ಅಪ್ಪ” ಎಂದಷ್ಟೇ ಹೇಳಿ ಮಲಗಿದಳು.

ಮರುದಿನ ಸಂಜೆ ನಾನು ಕೆಲಸ ಬೇಗ ಮುಗಿಸಿಕೊಂಡು ಹೋದೆ. ಅಂಕಣದ ಪಕ್ಕದ ಹೊಂಗೆ ಮರದ ಕೆಳಗೆ ಹುಡುಗಿಯರು ಸುತ್ತ ಕುಳಿತಿದ್ದರು. ಕೋಚ್ ಕೈಯಲ್ಲಿ ಒಂದು ಲಾಂಗ್ ಬುಕ್ ಇತ್ತು, ರಟ್ಟಿನ ಮೂಲೆಗಳು ಸವೆದು ಹೋಗಿದ್ದವು. ಪುಟದ ನಡುವೆ ಸ್ಕೇಲಿನಿಂದ ಗೆರೆ ಎಳೆದು, ಎಡಕ್ಕೆ ‘ಬೆಂಚು’, ಬಲಕ್ಕೆ ‘ಅಂಕಣ’ ಎಂದು ಬರೆದಿದ್ದರು. ಪ್ರತಿ ಪಂದ್ಯಕ್ಕೂ ಒಂದು ಪುಟವಂತೆ, ಗೆದ್ದದ್ದಕ್ಕೂ ಸಹ. ಎಡಗಡೆಯನ್ನು ಮೊದಲು ತುಂಬಬೇಕು ಎಂಬುದು ಅಲ್ಲಿನ ಪದ್ಧತಿ. ಅವರು ಬರೆಯುತ್ತಲೇ ಓದಿ ಹೇಳಿದರು: “ನಾಕು ಫೌಲ್ ಇದ್ರೂ ಇವಳನ್ನ ಒಳಗೇ ಬಿಟ್ಟೆ. ನಾಳೆ ಇದೇ ಪರಿಸ್ಥಿತಿ ಬಂದ್ರೂ ಬಿಡ್ತೀನಿ, ಅದು ತಪ್ಪಲ್ಲ. ಆದ್ರೆ ಬಾಲ್ ತರೋ ಹುಡುಗಿ ಮೇಲೆ ಇವಳನ್ನೇ ನಿಲ್ಲಿಸಿದ್ದು ನನ್ನ ತಪ್ಪು. ಜೋನ್‌ಗೆ ಹೋಗ್ಬೇಕಿತ್ತು.” ಬ್ಯಾಸ್ಕೆಟ್‌ಬಾಲ್ ಅಷ್ಟಾಗಿ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಒಬ್ಬಳಿಗೆ ಒಬ್ಬಳಂತೆ ಕಾಯುವಾಗ ಚೆಂಡು ತರುವವಳನ್ನು ಕಾಯುವವಳು ಪ್ರತಿಕ್ಷಣವೂ ಫೌಲಿನ ಅಂಚಿನಲ್ಲಿರುತ್ತಾಳೆ. ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜಾಗವನ್ನು ಕಾಯುವ ಜೋನ್‌ನಲ್ಲಿ ಆ ಅಪಾಯ ಹಂಚಿಹೋಗುತ್ತದೆ. ಅಂದರೆ ‘ಕೂರಿಸಬೇಕಿತ್ತು’ ಎನ್ನುವವರೂ ‘ಆಡಿಸಬೇಕಿತ್ತು’ ಎನ್ನುವವರೂ ಟೀ ಅಂಗಡಿಯ ಮುಂದೆ ಅರ್ಧ ಗಂಟೆ ಕಾದಾಡಿದ ಪ್ರಶ್ನೆಗೆ ಮೂರನೆಯ ಉತ್ತರವೊಂದಿತ್ತು, ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದರ ಕೆಳಗೆ ಅವರು ಬರೆದ ಎರಡನೆಯ ಸಾಲು: ‘ಫ್ರೀ ಥ್ರೋ ಆದ ಮೇಲೆ ಟೈಮ್‌ಔಟ್ ಕೇಳಲಿಲ್ಲ.’

ಬಲಗಡೆಯನ್ನು ಆಟಗಾರ್ತಿಯರೇ ಹೇಳಿ ಬರೆಸಬೇಕು. ಒಬ್ಬಳ ತಪ್ಪನ್ನು ಇನ್ನೊಬ್ಬಳು ಹೇಳುವಂತಿಲ್ಲ. ಕ್ಯಾಪ್ಟನ್ ಹುಡುಗಿ ತಲೆ ತಗ್ಗಿಸದೆ ಹೇಳಿದಳು: “ಬಾಲ್ ಇನ್ನೂ ನಡೂಲಿತ್ತು ಸರ್, ಕೈ ಹಾಕೋ ಅಗತ್ಯ ಇರ್ಲಿಲ್ಲ, ಹಾಕ್ದೆ.” ಅವರು ಬರೆದುಕೊಂಡರು. ನನ್ನ ಮಗಳ ಸರದಿ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ನೋಡ್ದೇ ಎಸೆದೆ ಸರ್” ಎಂದಳು. ಕೋಚ್ ಪೆನ್ನು ಎತ್ತಿ ಹಿಡಿದು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ನೋಡಮ್ಮ, ನೋಡ್ದೇ ಎಸೆದದ್ದು ನಿಂದು, ಅದನ್ನ ಈ ಕಡೆ ಬರೀತೀನಿ. ಒತ್ತಿದಾಗ ಮೂಲೆಗೆ ಓಡ್ಬಾರ್ದು ಅಂತ ನಿಂಗೆ ಹೇಳ್ಕೊಟ್ಟಿರ್ಲಿಲ್ವಲ್ಲ, ಅದು ನಂದು, ಅದನ್ನ ಆ ಕಡೆ ಬರೀತೀನಿ.” ಹಾಗೆಯೇ ಬರೆದರು. ನಾನು ನಿಂತಲ್ಲಿಂದ ಆ ಎರಡು ಸಾಲುಗಳೂ ಕಾಣುತ್ತಿದ್ದವು.

ಆ ವಾರ ಪೂರ್ತಿ ಅಭ್ಯಾಸ ಆ ಪುಟದ ಮೇಲೆಯೇ ನಡೆಯಿತು, ಇದೇ ಈ ಕೇಂದ್ರದ ಸೇವೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಸಂಗತಿ. ಮೂಲೆಯಲ್ಲಿ ಅಂಚಿನ ಎರಡು ಗೆರೆಗಳೇ ಎದುರಾಳಿಗಳ ಪರವಾಗಿ ಕಾವಲು ನಿಂತಂತೆ; ಅಲ್ಲಿ ಇಬ್ಬರು ಬಂದರೆ ನಾಲ್ವರು ಸುತ್ತುವರಿದ ಹಾಗಾಗುತ್ತದೆ. ಆದ್ದರಿಂದ ಚೆಂಡು ಸಿಕ್ಕವಳು ಮೊದಲು ಅಂಕಣದ ನಡುಭಾಗಕ್ಕೆ ಮುಖ ತಿರುಗಿಸಬೇಕು, ಒಬ್ಬಳು ನಡುವಿಗೆ ಓಡಿ ಬರಬೇಕು, ಇನ್ನೊಬ್ಬಳು ಹಿಂದೆ ಬಿಡುವಾಗಿ ನಿಲ್ಲಬೇಕು, 8 ಸೆಕೆಂಡಿನೊಳಗೆ ನಡುಗೆರೆ ದಾಟಬೇಕು. ಮಗಳನ್ನು ಪ್ರತಿ ಸಂಜೆ ಇಪ್ಪತ್ತು ಸಲ ಮೂಲೆಯಲ್ಲಿ ನಿಲ್ಲಿಸಿ ಇಬ್ಬರನ್ನು ಅವಳ ಮೇಲೆ ಬಿಟ್ಟರು. ಐದು ಎಣಿಸುವುದರೊಳಗೆ ಅವಳು ಒಂದು ಕಾಲನ್ನು ಊರಿ ಇನ್ನೊಂದನ್ನು ತಿರುಗಿಸಿ, ನೋಡಿ, ಕೊಡಬೇಕು. ಮೊದಲ ದಿನ ಇಪ್ಪತ್ತರಲ್ಲಿ ಏಳು ಸರಿಯಾದವು. ಶನಿವಾರ ಹದಿನಾರು.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಈ ಕೇಂದ್ರದಲ್ಲಿ ಮೊದಲ ಮೂರು ತಿಂಗಳು ಇದ್ದ ಸಹಾಯಕ ತರಬೇತುದಾರರು ಸೋತ ಮರುದಿನ, ತಪ್ಪು ಮಾಡಿದವಳ ಹೆಸರು ಕೂಗಿ, ಎಲ್ಲರನ್ನೂ ಅಂಕಣದ ಸುತ್ತ ಓಡಿಸುತ್ತಿದ್ದರು. ನಾನು ಕಾಲೇಜಿನಲ್ಲಿ ಆಡುತ್ತಿದ್ದಾಗಲೂ ಹೀಗೆಯೇ ಮಾಡುತ್ತಿದ್ದರು, ಆಗ ನಮಗೆ ಅದೇ ಶಿಸ್ತು ಎನ್ನಿಸಿತ್ತು. ಮಗಳು ಓಡುವುದನ್ನು ನೋಡಿದಾಗ ನನ್ನ ಅಭಿಪ್ರಾಯ ಬದಲಾಯಿತು. ಒಬ್ಬಳಿಂದಾಗಿ ತಾವೆಲ್ಲ ಓಡಬೇಕಾಯಿತೆಂದು ಉಳಿದವರು ಅವಳ ಮೇಲೆ ಮುನಿಸಿಕೊಳ್ಳುತ್ತಾರೆ, ಅವಳು ಮುಂದಿನ ಪಂದ್ಯದಲ್ಲಿ ಚೆಂಡು ಬೇಡವೆಂದು ತಪ್ಪಿಸಿಕೊಂಡು ನಿಲ್ಲುತ್ತಾಳೆ, ಮಾಡಿದ ತಪ್ಪು ಏನು, ಏಕೆ ಆಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಹೊಣೆ ಹೊರಿಸುವುದು ಬೇರೆ, ದಂಡಿಸುವುದು ಬೇರೆ. ನಾವು ನಾಲ್ವರು ಪೋಷಕರು ಹೋಗಿ ಮಾತಾಡಿದೆವು. ಮುಖ್ಯ ಕೋಚ್ ಕೇಳಿಸಿಕೊಂಡರು, ಓಡಿಸುವುದು ನಿಂತಿತು, ಆದರೆ ಅದಕ್ಕೆ ಆರು ವಾರ ಬೇಕಾಯಿತು. ಅಷ್ಟರಲ್ಲಿ ಒಬ್ಬ ಹುಡುಗಿ ಆಟವನ್ನೇ ಬಿಟ್ಟಳು. ಬೆಂಚಿನ ಕಡೆಯ ತಪ್ಪುಗಳನ್ನು ಎಡಗಡೆ ಬರೆಯುವ ಕೇಂದ್ರ ಈ ತಪ್ಪನ್ನೂ ಬರೆದುಕೊಳ್ಳಬೇಕಿತ್ತು ಎಂದು ನಾನು ಅವರಿಗೆ ನೇರವಾಗಿಯೇ ಹೇಳಿದ್ದೇನೆ.

ಎರಡನೆಯ ಕೊರತೆ ಆಡುವ ನಿಮಿಷಗಳದ್ದು. ಹನ್ನೆರಡು ಮಂದಿಯ ತಂಡದಲ್ಲಿ ಏಳು ಜನರಷ್ಟೇ ನಿಜವಾಗಿ ಆಡುತ್ತಾರೆ. ಪಂದ್ಯ 10 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳದ್ದು, ಒಟ್ಟು 40 ನಿಮಿಷ; ಸುಮಾರು ಮೂವತ್ತೈದು ನಿಮಿಷ ಕೂರಿಸಿ, ಅತಿ ಕಠಿಣವಾದ ಎರಡು ನಿಮಿಷಕ್ಕೆ ಒಳಗೆ ಕಳಿಸಿದ ಹುಡುಗಿಯಿಂದ ಲೆಕ್ಕ ಕೇಳುವುದು ಎಷ್ಟರ ಮಟ್ಟಿಗೆ ನ್ಯಾಯ? ತಂದೆಯಾದ್ದರಿಂದ ಹೀಗೆ ಕೇಳುತ್ತಿದ್ದೇನೆ ಎನ್ನಬಹುದು, ಅದು ನಿಜವೂ ಹೌದು. ಆದರೆ ಎರಡನೇ ಕ್ವಾರ್ಟರ್‌ನಲ್ಲಿ ನಮ್ಮವರು ಒಂಬತ್ತು ಅಂಕ ಮುಂದಿದ್ದಾಗ ಬೆಂಚಿನವರಿಗೆ ನಾಲ್ಕು ನಾಲ್ಕು ನಿಮಿಷ ಕೊಟ್ಟಿದ್ದರೆ, ಕ್ಯಾಪ್ಟನ್‌ಗೆ ದಣಿವಾರಿಸಿಕೊಳ್ಳಲು ಆಗುತ್ತಿತ್ತು. ದಣಿದ ಕಾಲು ಹಿಂದೆ ಬಿದ್ದಾಗಲೇ ಕೈ ಮುಂದೆ ಹೋಗುವುದು, ಫೌಲ್ ಆಗುವುದು. ಇದನ್ನು ಹೇಳಿದಾಗ ಕೋಚ್ ಅಲ್ಲಗಳೆಯಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. “ಗೆಲ್ಬೇಕು ಅಂತ ಕಾಲೇಜಿನೋರು ಹೇಳ್ತಾರೆ, ಎಲ್ಲರೂ ಆಡ್ಬೇಕು ಅಂತ ನೀವು ಹೇಳ್ತೀರಿ” ಎಂದರು. ಆ ಮಾತಿನ ಕಷ್ಟ ನನಗೆ ಅರ್ಥವಾಗುತ್ತದೆ, ಉತ್ತರವೆಂದು ಒಪ್ಪಲಾರೆ.

ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಸಾಲದು. ಡಿಸೆಂಬರಿನಲ್ಲಿ ಮಗಳ ಕಾಲು ಉಳುಕಿದಾಗ ಅಲ್ಲಿ ಮಂಜುಗಡ್ಡೆ ಇರಲಿಲ್ಲ, ಎದುರಿನ ಜ್ಯೂಸ್ ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ತಂದು ಒತ್ತಿದರು. ಶುಲ್ಕಕ್ಕೆ ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ.

ಸ್ಪರ್ಧೆಯ ಆಸೆಯಿಲ್ಲದೆ ಮಕ್ಕಳು ಸಂಜೆ ಸುಮ್ಮನೆ ಆಡಿಕೊಂಡಿರಲಿ ಎನ್ನುವವರಿಗೆ ಈ ಕೇಂದ್ರ ಹೊಂದುವುದಿಲ್ಲ. ಅಮಾನಿಕೆರೆಯ ಸುತ್ತ ನಡೆದು ಬಂದರೂ ಅಷ್ಟು ವ್ಯಾಯಾಮವಾಗುತ್ತದೆ. ತಂಡದಲ್ಲಿ ಆಡಬೇಕು, ಸೋತರೆ ಏಕೆ ಸೋತೆವು ಎಂದು ತಿಳಿಯಬೇಕು ಎನ್ನುವ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯದನ್ನು ತುಮಕೂರಿನಲ್ಲಿ ನಾನು ಕಂಡಿಲ್ಲ. ಸೇರಿಸುವ ಮುನ್ನ ಯಾವುದಾದರೂ ಪಂದ್ಯದ ಮರುದಿನ ಹೋಗಿ ಮರದ ಕೆಳಗಿನ ಆ ಸಭೆಯನ್ನು ದೂರದಿಂದ ನೋಡಿ, ಬೇಡವೆನ್ನುವುದಿಲ್ಲ.

ಮುಂದಿನ ಆರು ತಿಂಗಳ ಶುಲ್ಕ ಕಟ್ಟುವಾಗ ನಾನು ಎರಡು ವಿಷಯ ಕೇಳಿದೆ: ಮೈದಾನದಲ್ಲಿ ಒಂದು ಐಸ್ ಡಬ್ಬ ಇಡಬೇಕು, ಲಾಂಗ್ ಬುಕ್ಕಿನ ಪ್ರತಿ ಪುಟದ ಕೆಳಗೆ ಯಾರು ಎಷ್ಟು ನಿಮಿಷ ಆಡಿದರು ಎಂದೂ ಬರೆಯಬೇಕು. ಐಸ್ ಡಬ್ಬ ಅದೇ ವಾರ ಬಂತು. ನಿಮಿಷಗಳ ಲೆಕ್ಕ ಇನ್ನೂ ಬಂದಿಲ್ಲ, ಪ್ರತಿ ಪಂದ್ಯದ ಮರುದಿನ ಕೇಳುತ್ತಿದ್ದೇನೆ.